ಬೆಳ್ಳಿಯ ಜಾಗಕ್ಕೆ ಬಂದ ಮಿಷಿನ್ನು

ಬಸ್ಸಿನ ಮೇಲೆ ಕಟ್ಟಿದ್ದ ಹಗ್ಗ ತೆರಕಣಾಂಬಿಯ ಹತ್ತಿರ ಎಲ್ಲಾದರೂ ಸಡಿಲಾಗಿ ಚರ್ಮ ಹೊಲಿಯುವ ಮಿಷಿನ್ನು ಕೆಳಗುರುಳಬಹುದಿತ್ತು. ಅದನ್ನು ಹಿಡಿದುಕೊಂಡು ಮೇಲೆಯೇ ಕೂತಿದ್ದ ಅಪ್ಪನೂ ಜೊತೆಗೇ ಉರುಳಬಹುದಿತ್ತು. ಇಬ್ಬರೂ ಉರುಳದೆ ಊರು ಮುಟ್ಟಿದರೂ ಮಿಷಿನ್ನು ನಮ್ಮ ಬಾಗಿಲಲ್ಲಿ ಹಿಡಿಸದೆ ಬೀದಿಯಲ್ಲೇ ನಿಲ್ಲಬಹುದಿತ್ತು. ಅದನ್ನು ಮಾರಿದ ಶೆಟ್ಟರು ಒಂದನ್ನು ತೋರಿಸಿ ಇನ್ನೊಂದನ್ನು ಗೋಣಿಯಲ್ಲಿ ಕಟ್ಟಿಸಿರಬಹುದಿತ್ತು. ಸೂಜಿ ಮುರಿದು ಅದರ ಚೂರು ಯಾರ ಕಣ್ಣಿಗಾದರೂ ಹಾರಬಹುದಿತ್ತು, ಯಾರ ಬೆರಳಾದರೂ ಚರ್ಮದ ಜೊತೆ ಹೊಲಿದುಕೊಂಡು ಹೋಗಬಹುದಿತ್ತು. ನಮ್ಮ ಚೀಲ ಕೊಳ್ಳುವ ಬತ್ತೇರಿಯ ಕಾಕನಿಗೆ ಇನ್ನು ಚೀಲವೇ ಬೇಡವಾಗಬಹುದಿತ್ತು. ಮಾರಿಬಿಟ್ಟಿದ್ದ ನಮ್ಮ ಎಮ್ಮೆ ಹಗ್ಗ ಕಿತ್ತುಕೊಂಡು ವಾಪಸು ಬಂದು, ತನ್ನ ಜಾಗದಲ್ಲಿ ಕಬ್ಬಿಣ ನಿಂತಿರುವುದನ್ನು ಕಂಡು ಗುದ್ದಿ ಕೆಡವಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಇನ್ನು ಈ ಮನೆಯಲ್ಲಿ ತನಗೇನು ಕೆಲಸವೆಂದು ಅಜ್ಜಿ ಸೀರೆ ಗಂಟು ಕಟ್ಟಿಕೊಂಡು ಹರದನಹಳ್ಳಿಯ ಮಗಳ ಮನೆಗೆ ಹೊರಟುಬಿಡಬಹುದಿತ್ತು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬರುವ ಬಸ್ಸಿನಲ್ಲಿ ಅಜ್ಜಿಯ ತೊಡೆಗೆ ಒತ್ತಿಕೊಂಡು ಕೂತು, ಒಂಬತ್ತು ವರ್ಷದ ನಾನು ಇಷ್ಟನ್ನೂ ಒಂದೊಂದಾಗಿ ಯೋಚಿಸಿ ಮುಗಿಸಿದ್ದೆ. ಈಗ ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು ನಾಲ್ಕನೇ ಸಲ ಎಳೆಯುವ ಹೆಂಗಸು ನಾನು. ಈ ವಿದ್ಯೆಯನ್ನು ನನಗೆ ಯಾರೂ ಕಲಿಸಲಿಲ್ಲ. ಆ ಬಸ್ಸಿನಲ್ಲಿ ನಾನೇ ಕಲಿತೆ.

ನಮ್ಮದು ಗುಂಡ್ಲುಪೇಟೆಯ ಅಂಚಿನಲ್ಲಿದ್ದ ಹೆಂಚಿನ ಮನೆ. ಬಾಗಿಲು ದಾಟಿದರೆ ಒಂದೇ ಉದ್ದನೆಯ ಕೋಣೆ. ಅದರ ಬಲಗಡೆ ಗೂಟಕ್ಕೆ ಕಟ್ಟಿದ ಎಮ್ಮೆ, ಎಡಗಡೆ ಕೆಲಸದ ಜಾಗ, ಹಿಂದೆ ಎದೆಮಟ್ಟದ ಗೋಡೆಯಾಚೆ ಒಲೆ. ಚರ್ಮ, ಸಗಣಿ, ಒಗ್ಗರಣೆ ಈ ಮೂರೂ ಒಂದೇ ಗಾಳಿಯಲ್ಲಿ ಬದುಕುತ್ತಿದ್ದವು. ಇವನ್ನು ಬೇರೆಬೇರೆ ವಾಸನೆಗಳೆಂದು ಗುರುತಿಸಬಹುದೆಂಬುದು ನಾನು ಬೇರೆಯವರ ಮನೆಗೆ ಹೋಗುವ ತನಕ ನನಗೆ ಗೊತ್ತೇ ಇರಲಿಲ್ಲ. ಎಮ್ಮೆಯ ಹೆಸರು ಬೆಳ್ಳಿ. ಕತ್ತಲೆಯಲ್ಲಿ ನಿಂತರೆ ಕಣ್ಣು ಮಾತ್ರ ಕಾಣುವಷ್ಟು ಕಪ್ಪಗಿದ್ದ ಎಮ್ಮೆಗೆ ಆ ಹೆಸರಿಟ್ಟವಳು ಅವ್ವ. ಅವಳಲ್ಲದೆ ಬೇರೆ ಯಾರು ಕರೆದರೂ ಅದು ತಿರುಗುತ್ತಿರಲಿಲ್ಲ. ಅಪ್ಪ ಚರ್ಮ ಕತ್ತರಿಸುತ್ತಿದ್ದ, ಅಜ್ಜಿ ಹೊಲಿಯುತ್ತಿದ್ದಳು. ಹೆಂಚಿನ ನಡುವೆ ಕೂರಿಸಿದ್ದ ಒಂದು ಗಾಜಿನಿಂದ ಬಿಸಿಲಿನ ಒಂದು ತುಂಡು ನೆಲಕ್ಕೆ ಬೀಳುತ್ತಿತ್ತು. ಬೆಳಿಗ್ಗೆ ಅದು ಗೋಡೆಯ ಬುಡದಲ್ಲಿದ್ದರೆ ಅಜ್ಜಿಯೂ ಅಲ್ಲೇ. ಹೊತ್ತು ಏರಿದಂತೆ ಬಿಸಿಲು ಸರಿಯುತ್ತಿತ್ತು, ಚರ್ಮ ಚುಚ್ಚುವ ಆರಿ, ದಾರ, ಜೇನುಮೇಣದ ಉಂಡೆ, ತೊಡೆಯ ಮೇಲಿನ ಚರ್ಮ ಸಮೇತ ಅಜ್ಜಿಯೂ ಸರಿಯುತ್ತಿದ್ದಳು. ಮಧ್ಯಾಹ್ನಕ್ಕೆ ಬೀಸುಕಲ್ಲಿನ ಪಕ್ಕ, ಸಂಜೆಗೆ ಬೆಳ್ಳಿಯ ಕಾಲ ಹತ್ತಿರ. ಅಜ್ಜಿ ಎಲ್ಲಿ ಕೂತಿದ್ದಾಳೆ ಎಂಬುದನ್ನು ನೋಡಿ ಅವ್ವ ಒಲೆಗೆ ಎಸರಿಡುತ್ತಿದ್ದಳು.

ಮೊದಲೆಲ್ಲ ಮನೆಯಲ್ಲಿ ಆಗುತ್ತಿದ್ದುದು ಮೆಟ್ಟು, ನೊಗಕ್ಕೆ ಕಟ್ಟುವ ಮಿಣಿ, ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಬಾನಿ. ಆ ಹೊತ್ತಿಗೆ ತೋಟಗಳಿಗೆ ಎಣ್ಣೆ ಇಂಜಿನ್ನುಗಳು ಬರತೊಡಗಿದ್ದವು. ಬಾನಿ ಕೇಳುವವರು ಕಡಿಮೆಯಾಗಿದ್ದರು. ಅಪ್ಪ ಹೆಗಲಿಗೆ ಹಾಕುವ ಚೀಲ ಮಾಡುವ ಕೆಲಸಕ್ಕೆ ಕೈ ಹಾಕಿದ. ಕೇರಳದ ಬತ್ತೇರಿ ಕಡೆಯಿಂದ ಸಂತೆಗೆ ಬರುತ್ತಿದ್ದ ಒಬ್ಬ ವ್ಯಾಪಾರಿ ಅದನ್ನು ಕೊಳ್ಳುತ್ತಿದ್ದ. ಅವನನ್ನು ನಾವೆಲ್ಲ ಕಾಕ ಎನ್ನುತ್ತಿದ್ದೆವು. ಕಾಫಿ ತೋಟಗಳಲ್ಲಿ ಆಳುಗಳ ಹಾಜರಿ ಬರೆಯುವ ರೈಟರುಗಳಿಗೆ ಮಳೆಯಲ್ಲಿ ಪುಸ್ತಕ ನೆನೆಯದಂಥ ಚೀಲ ಬೇಕಿತ್ತು. ಅಜ್ಜಿಯ ಹೊಲಿಗೆಯಲ್ಲಿ ನೀರು ಇಳಿಯುತ್ತಿರಲಿಲ್ಲ. ಆದರೆ ಅಜ್ಜಿಗೆ ಹತ್ತಿರದ ಕಣ್ಣು ಹೋಗತೊಡಗಿತು. ದೂರದ ಗುಡ್ಡದ ಮೇಲೆ ಮೇಯುವ ಹಸು ಯಾರದೆಂದು ಹೇಳುತ್ತಿದ್ದವಳಿಗೆ ಕೈಯಲ್ಲಿದ್ದ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ದಾರ ಪೋಣಿಸಿಕೊಡುವ ಕೆಲಸ ನನ್ನದಾಯಿತು. ದಾರವನ್ನೇನೋ ನಾನು ಪೋಣಿಸುತ್ತಿದ್ದೆ, ಆದರೆ ಹೊಲಿಗೆ ಎತ್ತ ಹೋಗುತ್ತಿದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಒಂದು ಸಂತೆಯ ದಿನ ಕಾಕ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿ, ಬಹಳ ನಯವಾಗಿ ಅಂದ:

"ಅಮ್ಮಾ, ಈ ಹೊಲಿಗೆ ಎಲ್ಲಿಗೋ ಹೋಯ್ತಾ ಉಂಟು. ನನಗೆ ಬತ್ತೇರಿಗೆ ಹೋಗಬೇಕು."

ಮಿಷಿನ್ನಿನಲ್ಲಿ ಹೊಲಿದ, ನೇರ ಹೊಲಿಗೆಯ ಎರಡು ಡಜನ್ ಚೀಲ ಮಳೆಗಾಲ ಹಿಡಿಯುವ ಮುಂಚೆ ಕೊಟ್ಟರೆ ವರ್ಷವರ್ಷವೂ ನಮ್ಮಿಂದಲೇ ಕೊಳ್ಳುತ್ತೇನೆ, ಇಲ್ಲದಿದ್ದರೆ ಮೈಸೂರಿನಿಂದ ತರಿಸಿಕೊಳ್ಳುತ್ತೇನೆ ಎಂದು ಹೇಳಿ ಅವನು ಹೋದ. ನಮ್ಮಲ್ಲಿ ಮಾರಲು ಇದ್ದದ್ದು ಬೆಳ್ಳಿ ಒಂದೇ. ಅಂದಿನಿಂದ ಬೆಳ್ಳಿಯನ್ನು ಕರೆದೊಯ್ಯುವ ದಿನದ ತನಕ ನಮ್ಮ ಮನೆಯಲ್ಲಿ ಜಗಳವಿಲ್ಲದೆ ಮುದ್ದೆ ಮುರಿದ ನೆನಪಿಲ್ಲ. ಅವ್ವ ಮುದ್ದೆಯನ್ನು ತಟ್ಟೆಗೆ ಹಾಕುವ ಸದ್ದಿನಲ್ಲೇ ಜಗಳ ಶುರುವಾಗುತ್ತಿತ್ತು.

"ಎಮ್ಮ ಕರ ಆಕ್ತದ. ನಿಮ್ ಮಿಸನ್ನು ಏನಾಕ್ತದ?"

"ಚೀಲ ಆಕ್ತದ ಕಣಮ್ಮಿ," ಅಪ್ಪ ತಟ್ಟೆಯಿಂದ ತಲೆಯೆತ್ತದೆ ಅನ್ನುತ್ತಿದ್ದ.

"ಆಗಿದ್ರ ಚೀಲನೇ ಕರ್ಕಂಡು ಕುಡೀರಿ. ಕೂಸಿಗೂ ಒಂದ್ ಲೋಟ ಬುಡಿ."

ಅಜ್ಜಿ ಎರಡು ಕಡೆಗೂ ಸೇರುತ್ತಿರಲಿಲ್ಲ. ಸೊಪ್ಪಿನ ಸಾರನ್ನು ಸೊರಸೊರನೆ ಹೀರಿ, ಬೆರಳು ನೆಕ್ಕಿ, ನಿಧಾನವಾಗಿ ಒಂದು ಮಾತು ಬಿಡುತ್ತಿದ್ದಳು.

"ಕಣ್ಣು ಓಗಿರದು ನಂದು. ಎಮ್ಮ ಯಾಕ್ ಮನ ಬುಟ್ಟು ಓಗ್ಬೇಕು? ನನ್ನೇ ಮಾರ್ಬುಡಿ. ಆಲು ಕೊಡಲ್ಲ ಅಂತ ಯಾರೂ ತಕಳಲ್ಲ, ಅಷ್ಟೇಯ."

ಅಪ್ಪ ನಗುತ್ತಿದ್ದ. ಅವ್ವ ನಗುತ್ತಿರಲಿಲ್ಲ. ನಾನು ಮಾತ್ರ ಮುದ್ದೆಯನ್ನು ಬಾಯಲ್ಲೇ ಇಟ್ಟುಕೊಂಡು, ಅಜ್ಜಿಯನ್ನು ಮಾರುವುದಾದರೆ ಎಲ್ಲಿ ಮಾರುತ್ತಾರೆ, ಸಂತೆಮರಹಳ್ಳಿಯಲ್ಲೋ ತೆರಕಣಾಂಬಿಯಲ್ಲೋ ಎಂದು ಚಿಂತೆಗೆ ಬೀಳುತ್ತಿದ್ದೆ. ಬೆಳ್ಳಿ ಹೋದ ದಿನ ಅವ್ವ ಅದರ ಹಣೆಗೆ ಅರಿಶಿನ ಕುಂಕುಮ ಇಟ್ಟು, ಕೊಂಬಿಗೆ ಎಣ್ಣೆ ಸವರಿ ಕಳಿಸಿ, ಆ ಗೂಟವನ್ನು ಮಾತ್ರ ಕೀಳಲು ಬಿಡಲಿಲ್ಲ.

ಮಿಷಿನ್ನು ಆರಿಸಲು ಚಾಮರಾಜನಗರಕ್ಕೆ ಹೊರಟವರು ನಾವು ಮೂವರು. ಅಪ್ಪ ಹೊರಟದ್ದು ಅವನೇ ಕೊಳ್ಳುವವನಾದ್ದರಿಂದ. ಅಜ್ಜಿ ಹೊರಟದ್ದು, ಹೊಲಿಗೆ ಎಂದರೇನೆಂದು ಅಪ್ಪನಿಗೆ ಗೊತ್ತಿಲ್ಲವೆಂಬುದು ಅವಳಿಗೆ ಗೊತ್ತಿದ್ದರಿಂದ. ನಾನು ಹೊರಟದ್ದು ಅಜ್ಜಿಯ ಹತ್ತಿರದ ಕಣ್ಣಾಗಿ. ಅಪ್ಪ ಒಗೆದ ಅಂಗಿ ಹಾಕಿಕೊಂಡು, ಪರೀಕ್ಷೆಗೆಂದು ಮನೆಯಲ್ಲಿದ್ದುದರಲ್ಲೇ ಚೆಂದದ, ಬೆಣ್ಣೆಯಂಥ ಆಡಿನ ಚರ್ಮದ ತುಂಡೊಂದನ್ನು ಮಡಿಸಿ ಜೇಬಿಗಿಟ್ಟುಕೊಂಡಿದ್ದ. ಶೆಟ್ಟರ ಎದುರಿಗೆ ಮಾನ ಹೋಗಬಾರದಲ್ಲ. ಅಜ್ಜಿ ಸೆರಗಿನಲ್ಲಿ ಏನನ್ನೋ ಗಂಟು ಕಟ್ಟಿಕೊಂಡಿದ್ದಳು. ಏನೆಂದು ಕೇಳಿದರೆ, "ಪುರಿ ಕಡ್ಲ ಕನ ಕೂಸು" ಅಂದಳು. ಪುರಿ ಕಡಲೆ ಅಷ್ಟು ಭಾರವಿರುವುದಿಲ್ಲವೆಂದು ನನಗೆ ಗೊತ್ತಿತ್ತು.

ಶೆಟ್ಟರ ಅಂಗಡಿ ಪೇಟೆ ಬೀದಿಯಲ್ಲಿ ಎತ್ತರದ ಜಗಲಿಯ ಮೇಲಿತ್ತು. ಒಳಗೆ ಸಾಲಾಗಿ ಬಟ್ಟೆ ಹೊಲಿಯುವ ಮಿಷಿನ್ನುಗಳು, ಅವುಗಳ ನಡುವೆ ಊದುಬತ್ತಿಯ ಹೊಗೆ. ನಾವು ಜಗಲಿಯ ಮೆಟ್ಟಿಲ ಹತ್ತಿರ ನಿಂತೆವು. ಶೆಟ್ಟರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ನಮ್ಮನ್ನು ನೋಡಿ, ಚರ್ಮದ ಕೆಲಸದವರೆಂದು ತಿಳಿದುಕೊಂಡು ಕೈಯೆತ್ತಿದರು.

"ಅಲ್ಲೇ ಇರಿ, ಅಲ್ಲೇ ಇರಿ. ಒಳಕ್ಕೆ ಬರೋದು ಬ್ಯಾಡ. ಮಿಷನ್ನೇ ಆಚೆಗೆ ತರಿಸ್ತೀನಿ."

ನನಗೆ ಅಂದು ಎಷ್ಟು ಹೆಮ್ಮೆಯಾಯಿತೆಂದರೆ, ಹೇಳಿಕೊಳ್ಳಲು ಇವತ್ತು ನಾಚಿಕೆಯಾಗುತ್ತದೆ. ಬೇರೆ ಗಿರಾಕಿಗಳು ತಾವೇ ಒಳಗೆ ಹೋಗಿ ಕತ್ತಲೆಯಲ್ಲಿ ಬಗ್ಗಿ ನೋಡುತ್ತಿದ್ದರು. ನಮಗಾದರೆ ಇಬ್ಬರು ಆಳುಗಳು ಬೆವರು ಸುರಿಸುತ್ತ ಮಿಷಿನ್ನನ್ನೇ ಹೊತ್ತು ತರುತ್ತಿದ್ದರು! ಇದನ್ನು ಅವ್ವನಿಗೆ ಹೇಗೆ ವರ್ಣಿಸಬೇಕೆಂದು ನಾನಾಗಲೇ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಪ್ಪ ನೆಲ ನೋಡುತ್ತಿದ್ದ. ಅಜ್ಜಿ ಮಾತ್ರ ಜಗಲಿಯ ಮೇಲೆ ಬಿದ್ದಿದ್ದ ಬಿಸಿಲನ್ನು ನೋಡಿ, "ಒಳ್ಳೇದಾಯ್ತು ಬುದ್ದಿ, ಬೆಳ್ಕು ಚೆಂದಾಗದ" ಎಂದು ಹೇಳಿ ಸರಿಯಾಗಿ ಬಿಸಿಲಿನ ತುಂಡಿನಲ್ಲೇ ಕುಕ್ಕರುಗಾಲಲ್ಲಿ ಕೂತಳು, ಮನೆಯಲ್ಲಿ ಕೂರುವ ಹಾಗೆಯೇ.

ಬಂದದ್ದು ದೊಡ್ಡ ಮಿಷಿನ್ನು. ಅಗಲವಾದ ಹಲಗೆ, ಕೆಳಗೆ ಕಾಲಲ್ಲಿ ತುಳಿಯುವ ಕಬ್ಬಿಣದ ಜಾಲರಿ, ಕರಿಯ ಮೈಮೇಲೆ ಚಿನ್ನದ ಬಣ್ಣದ ಬಳ್ಳಿ. ಬೆಳ್ಳಿಯ ಮೈಯಷ್ಟೇ ಕಪ್ಪು, ಅಷ್ಟೇ ಹೊಳಪು. ಅಪ್ಪ ತನ್ನ ಆಡಿನ ಚರ್ಮ ಕೊಟ್ಟ. ಆಳು ತುಳಿದ. ನೇಗಿಲ ಸಾಲಿನಂಥ ನೇರ ಹೊಲಿಗೆ ಬಂತು. ಅಪ್ಪ ಅದನ್ನು ಕಣ್ಣ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ ರೀತಿಯಲ್ಲೇ ನನಗೆ ಗೊತ್ತಾಯಿತು, ಅವನು ಒಳಗೊಳಗೇ ಅದನ್ನು ಕೊಂಡಾಗಿತ್ತು.

"ಎಲ್ಡೂ ಕೈ ಬುಡುವಾಯ್ತದ ಕಣವ್ವ. ಒಬ್ನೇ ಕೂತ್ಕಂಡು ಒಲಿಬೋದು. ನೀನು ಆರಾಮಾಗಿರು, ಜಗ್ಲಿ ಮ್ಯಾಲ ಎಲಡ್ಕ ಆಕಂಡು."

ಅಜ್ಜಿ ಆ ಕ್ಷಣವೇ ಸೆರಗಿನ ಗಂಟು ಬಿಚ್ಚಿದಳು. ಒಳಗಿದ್ದದ್ದು ಹಳೆಯ ಬಾನಿಯ ತುಂಡು, ಹತ್ತು ವರ್ಷ ಬಾವಿಯ ನೀರು ಕುಡಿದು, ಬಿಸಿಲಿನಲ್ಲಿ ಒಣಗಿ ಕೊರಡಾದ ಚರ್ಮ. ಜೊತೆಗೆ ಪಕ್ಕಗಳನ್ನು ಕೂಡಿಸಿದ್ದ, ತಳ ಇನ್ನೂ ಹೊಲಿಯಬೇಕಿದ್ದ ಒಂದು ಚೀಲ. ಬಾನಿಯ ತುಂಡನ್ನು ಎರಡು ಪದರ ಮಾಡಿ ಆಳಿನ ಕೈಗಿಟ್ಟಳು. ಅವನು ತುಳಿದ. ಮೂರನೇ ಹೊಲಿಗೆಗೆ ಟಣ್ಣೆಂದು ಸೂಜಿ ಮುರಿಯಿತು. ನಾನು ಎರಡೂ ಕಣ್ಣು ಮುಚ್ಚಿಕೊಂಡೆ.

"ಏನಮ್ಮಾ, ಬಂಡೆ ತಂದಿದ್ದೀಯಲ್ಲ ಹೊಲಿಯಕ್ಕೆ!" ಶೆಟ್ಟರು ಕೂತಲ್ಲಿಂದಲೇ ಕೂಗಿದರು.

"ನಮ್ ಮನೇಲಿರಾದು ಬಂಡೇನೇ ಬುದ್ದಿ. ಬೆಣ್ಣ ನಮ್ ಮಗನ ಜೇಬಲ್ಲಿ ಮಾತ್ರ ಅದ."

ಆಳು ದಪ್ಪ ಸೂಜಿ ಹಾಕಿದ ಮೇಲೆ ಹೊಲಿಗೆ ಬಿತ್ತು. ಅಜ್ಜಿ ಅದನ್ನು ಕಣ್ಣಿನ ಹತ್ತಿರ ತರಲೂ ಇಲ್ಲ. ಮಗುಚಿ, ಅಡಿಯ ಹೊಲಿಗೆಯ ಮೇಲೆ ಹೆಬ್ಬೆರಳ ಉಗುರನ್ನು ಮೆಲ್ಲಗೆ ಎಳೆದಳು. ಟಿಕ್ ಟಿಕ್ ಟಿಕ್ ಎಂದು ಸಮವಾಗಿ ಬರುತ್ತಿದ್ದ ಸದ್ದು ಒಂದು ಕಡೆ ತಪ್ಪಿತು. ಅಲ್ಲಿ ದಾರ ಸಡಿಲವಾಗಿ ಕುಣಿಕೆ ಬಿಟ್ಟಿತ್ತು. ಆಮೇಲೆ ನೀರು ಬೇಕೆಂದಳು. ಆಳು ಚೊಂಬನ್ನು ಎತ್ತರಕ್ಕೆ ಹಿಡಿದು ಮೇಲಿನಿಂದ ಸುರಿದ. ಅಜ್ಜಿ ಹೊಲಿದ ಚರ್ಮವನ್ನು ದೊನ್ನೆಯಂತೆ ಮಡಿಸಿ ಹಿಡಿದುಕೊಂಡಳು. ಅಡಿಯಲ್ಲಿ ಸಾಲಾಗಿ ಹನಿಗಳು ಮೂಡಿದವು.

"ಸೂಜಿ ದಪ್ಪ, ದಾರ ಸಣ್ಣ. ತೂತು ಮುಚ್ಚಾದು ಯಾರು? ರೈಟ್ರು ಬೆರ್ಳು ಇಟ್ಕಂಡು ಕೂತಿದ್ದಾರಾ?"

ದಾರವನ್ನೇನೋ ಬದಲಿಸಬಹುದಿತ್ತು. ಆದರೆ ಅಜ್ಜಿ ಕೊನೆಯದಾಗಿ ಆ ಅರ್ಧ ಹೊಲಿದ ಚೀಲವನ್ನು ಮಿಷಿನ್ನಿನ ಹಲಗೆಯ ಮೇಲಿಟ್ಟು, ಇದರ ತಳದ ಮೂಲೆ ಹೊಲಿಯಪ್ಪ ಎಂದಳು. ಆಳು ಚೀಲವನ್ನು ಹೀಗೆ ಮಡಿಸಿದ, ಹಾಗೆ ತಿರುಚಿದ, ಒಳಗನ್ನು ಹೊರಗೆ ಮಾಡಿದ. ಚಪ್ಪಟೆ ಹಲಗೆಯ ಮೇಲೆ ಗುಂಡಗಿನ ಚೀಲದ ಮೂಲೆ ಸೂಜಿಯ ಕೆಳಗೆ ಬರಲೇ ಇಲ್ಲ. ಅಪ್ಪನ ಮುಖ ಸಣ್ಣದಾಯಿತು. ಬೆಳ್ಳಿ ಹೋಗಿಯಾಗಿತ್ತು, ಮಿಷಿನ್ನೂ ಇಲ್ಲವೆಂದಾದರೆ ಕಾಕ ಮೈಸೂರಿಗೆ ಹೋಗುತ್ತಾನೆ. ನಮ್ಮ ಮನೆಯಲ್ಲಿ ಉಳಿಯುವುದು ಒಂದು ಗೂಟ ಮಾತ್ರ.

ಆಗ ಅಜ್ಜಿ ಎದ್ದು, ಹಣೆಗೆ ಕೈ ಅಡ್ಡ ಹಿಡಿದು, ಜಗಲಿಯಿಂದಲೇ ಅಂಗಡಿಯ ಒಳಗನ್ನು ದಿಟ್ಟಿಸಿದಳು. ಹತ್ತಿರದ್ದು ಕಾಣದ ಅವಳ ಕಣ್ಣು ಕೋಣೆಯ ಕೊನೆಯ ಮೂಲೆಗೆ ಹೋಗಿ ನಿಂತಿತು.

"ಬುದ್ದಿ, ಆ ಮೂಲೇಲಿ ಗೋಣಿ ಒದ್ಕಂಡು ನಿಂತದಲ್ಲ, ಮೂಗು ಆಚ್ಗ ಆಕಂಡು, ಅದೇನು?"

"ಅಯ್ಯೋ, ಅದು ನಿಮಗ್ಯಾಕೆ? ಹಳೇದು. ಬೂಟ್ಸ್ ರಿಪೇರಿಯವರದು. ಕೈಯಲ್ಲಿ ತಿರುಗಿಸಬೇಕು. ಕೆಳಗಿನ ದಾರದ ಉಂಡೆ ಹುಣಸೆಬೀಜದಷ್ಟು, ಘಳಿಗೆಗೊಂದು ಸಲ ಮುಗೀತದೆ. ದೊಡ್ಡದು ತಗೊಂಡು ಹೋಗಿ ಸುಮ್ನೆ."

ಬೇಡವೆಂದು ಹೇಳುವುದಕ್ಕೆ ಶೆಟ್ಟರು ಕೊಟ್ಟ ಕಾರಣಗಳೆಲ್ಲ ನಿಜ. ಅದನ್ನು ತರಿಸಿ ನೋಡಿದಾಗ ನನಗೂ ಹಾಗೇ ಅನ್ನಿಸಿತು. ಹಲಗೆಯೇ ಇಲ್ಲ, ಕಂಬದಂಥ ಕಾಲಿನ ಮೇಲೆ ಮುಂದಕ್ಕೆ ಚಾಚಿದ ಒಂದು ಸಣಕಲು ಕಬ್ಬಿಣದ ತೋಳು, ಅದರ ತುದಿಯ ಮೇಲ್ಗಡೆ ಸೂಜಿ, ಪಕ್ಕಕ್ಕೊಂದು ಚಕ್ರ. ಅಜ್ಜಿ ಅದರ ಮುಂದೆ ನಿಂತು, ಚೀಲವನ್ನು ಆ ತೋಳಿಗೆ ತೊಡಿಸಿದಳು, ಬಳೆಗಾರ ಮುಂಗೈ ಹಿಡಿದು ಬಳೆ ಏರಿಸುವ ಹಾಗೆ. ಚೀಲ ಸರಕ್ಕನೆ ಒಳಗೆ ಹೋಗಿ, ಅದರ ಮೂಲೆ ಸರಿಯಾಗಿ ಸೂಜಿಯ ಕೆಳಗೆ ಬಂದು ಕೂತಿತು. ಅಜ್ಜಿ ಚಕ್ರಕ್ಕೆ ಕೈ ಹಾಕಿದಳು. "ಇಡ್ಕಳ್ಲಾ" ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಚೀಲ ಹಿಡಿದು ತಿರುಗಿಸುತ್ತ ಬಂದ, ಅಜ್ಜಿ ಚಕ್ರ ತಿರುಗಿಸುತ್ತ ಹೋದಳು. ಮೂಲೆ ಸುತ್ತಿ ಹೊಲಿಗೆ ಬಂತು. ಉಗುರು ಟಿಕ್ ಟಿಕ್ ಎಂದು ಎಲ್ಲೂ ತಪ್ಪದೆ ಓಡಿತು. ಮೇಣ ಹಚ್ಚಿದ ದಪ್ಪ ದಾರ ಹಾಕಿಸಿ ನೀರು ಸುರಿದದ್ದಕ್ಕೆ ಒಂದೇ ಹನಿ ಮೂಡಿ, ಬೀಳಲೋ ಬೇಡವೋ ಎಂದು ಯೋಚಿಸಿ ಅಲ್ಲೇ ನಿಂತಿತು.

"ಇದ್ಕ ಇಬ್ರು ಬೇಕಾಯ್ತದಲ್ಲವ್ವ," ಅಪ್ಪ ಕೊನೆಯ ಸಲ ದೊಡ್ಡದರ ಚಿನ್ನದ ಬಳ್ಳಿಯನ್ನು ನೋಡುತ್ತ ಅಂದ. "ಒಬ್ರು ಇಡಿಬೇಕು, ಒಬ್ರು ತಿರುಗ್ಸಬೇಕು."

"ಊಂ ಕನಾ. ತಿರುಗ್ಸಕ ಕಣ್ಣು ಬ್ಯಾಡ."

ಇಷ್ಟು ವರ್ಷ ಈ ಮಾತನ್ನು ನಾನು ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಅಜ್ಜಿ ಆರಿಸಿದ್ದು ಚೀಲದ ಮೂಲೆಗಾಗಿಯೋ, ಮನೆಯೊಳಗೆ ತನ್ನದೊಂದು ಮೂಲೆ ಉಳಿಯಲೆಂದೋ? ಚೀಲದ ಮೂಲೆ ಸುಳ್ಳಲ್ಲ, ನಾನೇ ಕಣ್ಣಾರೆ ನೋಡಿದೆ. ಆದರೆ ಅಪ್ಪ ಎಲೆ ಅಡಿಕೆಯ ಮಾತಾಡಿದಾಗ ಅವಳು ಸೆರಗಿನ ಗಂಟು ಬಿಚ್ಚಿದ ವೇಗವನ್ನೂ ನೋಡಿದೆ.

ಮಿಷಿನ್ನು ಬಸ್ಸಿನ ಮೇಲಿಂದ ಉರುಳಲಿಲ್ಲ. ಬಾಗಿಲಲ್ಲಿ ಹಿಡಿಸಿತು. ಅಪ್ಪ ಅದನ್ನು ಬೆಳ್ಳಿ ನಿಲ್ಲುತ್ತಿದ್ದ ಜಾಗದಲ್ಲಿ, ಗೂಟದ ಪಕ್ಕದಲ್ಲೇ ನಿಲ್ಲಿಸಿದ. ಅವ್ವ ಒಲೆಯ ಗೋಡೆಗೊರಗಿ ಬಹಳ ಹೊತ್ತು ಅದನ್ನೇ ನೋಡಿದಳು. "ಕಾಲು ಒಂದೇ ಅದ," ಅಂದಳು. ಹೋಗಿ ಅರಿಶಿನ ಕುಂಕುಮದ ಬಟ್ಟಲು ತಂದಳು. ನಮ್ಮ ಮನೆಗೆ ಹೊಸದಾಗಿ ದನ ಬಂದರೆ ಕಾಲು ತೊಳೆದು, ಕೊಂಬಿಗೆ ಎಣ್ಣೆ ಸವರಿ, ಹಣೆಗೆ ಕುಂಕುಮ ಒತ್ತಿ, ಗೂಟಕ್ಕೆ ಒಂದು ಸುತ್ತು ಹಗ್ಗ ಸುತ್ತದೆ ಯಾರೂ ಮುಟ್ಟುತ್ತಿರಲಿಲ್ಲ. ಅಷ್ಟನ್ನೂ ಅವಳು ಮಾಡಿದಳು, ಹಗ್ಗವನ್ನೂ ಬಿಡದೆ. ಮಿಷಿನ್ನಿಗೆ ಹಣೆ ಎಲ್ಲಿ ಎಂಬುದೊಂದೇ ಸಮಸ್ಯೆಯಾಗಿತ್ತು. ಹುಡುಕಿದಳು. ಸೂಜಿಯ ಮೇಲಿನ ದಪ್ಪ ತಲೆಯಲ್ಲಿ, ಬೊಟ್ಟಿಗೇ ಅಳತೆ ತೆಗೆದು ಮಾಡಿದಂತೆ ಗುಂಡಗಿನ ಒಂದು ಕುಳಿ ಸಿಕ್ಕಿತು. ಕುಂಕುಮವನ್ನು ಅದರ ತುಂಬ ಒತ್ತಿ ಕೈಮುಗಿದಳು. ಎಮ್ಮೆ ಹೋದ ಮೇಲೆ ಅವಳು ಮೊದಲ ಸಲ ನಕ್ಕಳೆಂದು ನನ್ನ ನೆನಪು.

ಮಾರನೆಯ ಬೆಳಿಗ್ಗೆ ಅಪ್ಪ, ದಿನವೂ ಕೆಲಸಕ್ಕೆ ಮುಂಚೆ ಹಾಕಬೇಕೆಂದು ಆಳು ತೋರಿಸಿಕೊಟ್ಟಿದ್ದಂತೆ, ಆ ಕುಳಿಗೆ ನಾಲ್ಕು ಹನಿ ಎಣ್ಣೆ ಬಿಟ್ಟ. ಕುಂಕುಮ ಕಂಡರೂ, ಪೂಜೆಯದಲ್ಲವೇ ಎಂದು ಅದನ್ನು ಒರೆಸಲಿಲ್ಲ. ಅಜ್ಜಿ ಚಕ್ರ ಹಿಡಿದಳು. ಅಪ್ಪ ಮೊದಲ ಚೀಲ ತೊಡಿಸಿದ. ಸೂಜಿ ಏರಿಳಿಯಿತು, ಎಣ್ಣೆ ಇಳಿಯಿತು, ಎಣ್ಣೆಯ ಜೊತೆ ಕುಂಕುಮವೂ ಇಳಿದು ದಾರಕ್ಕೆ ಹತ್ತಿತು. ಚೀಲದ ಬಾಯಿಂದ ಮೂಲೆಯ ತನಕ ಹೊಲಿಗೆ ಕೆಂಪುಕೆಂಪಾಗಿ ಸಾಗುವುದನ್ನು ಅಪ್ಪ ನೋಡಿದ, ಅವ್ವ ನೋಡಿದಳು, ನಾನು ನೋಡಿದೆ. ಅಜ್ಜಿ ಚೀಲ ತೆಗೆದುಕೊಂಡು ಉಗುರು ಎಳೆದಳು. ಟಿಕ್ ಟಿಕ್ ಟಿಕ್.

"ಒಂದೇ ಸಮ ಅದ. ಬಣ್ಣ ಎಂಗ್ ಬಂದದ ಕೂಸು?"

ನಾನು ಅವಳ ಹತ್ತಿರದ ಕಣ್ಣು. ಅವ್ವನ ಮುಖ ನೋಡಿದೆ. "ಮೇಣದ ಬಣ್ಣ ಅಜ್ಜಿ" ಅಂದೆ.

ಅಜ್ಜಿ ಚೀಲವನ್ನು ಮೂಗಿಗೆ ಹಿಡಿದಳು.

"ಊಂ. ಜೇನು ಈ ಸಲ ಕುಂಕುಮ ಇಟ್ಕಂಡು ಬಂದಿತ್ತಾ?"

ಕಾಕ ಆ ಒಂದನ್ನು ಬಿಟ್ಟು ಉಳಿದ ಚೀಲಗಳನ್ನೆಲ್ಲ ತೆಗೆದುಕೊಂಡ. ಅದು ನನ್ನ ಸ್ಕೂಲಿನ ಚೀಲವಾಯಿತು. ನಾನು ಕಾಯುತ್ತ ಕೂತಿದ್ದ ಅಷ್ಟೂ ಅನಾಹುತಗಳ ಬದಲಿಗೆ ಆದದ್ದು ಇಷ್ಟೇ: ಒಂದು ಚೀಲದಲ್ಲಿ ಒಂದು ಗೇಣು ಕೆಂಪು ಹೊಲಿಗೆ.